ಮಣೆಯಾಟಗಳು ಮತ್ತು ಕೃತಕ ಬುದ್ಧಿಮತ್ತೆ

ಚದುರಂಗ, ಚೆಕರ್ಸ್, ಬ್ಯಾಕ್‌ಗ್ಯಾಮನ್, ಗೋ, ಶೋಗಿ ಮುಂತಾದ ಮಣೆಯಾಟಗಳನ್ನು ಮನುಷ್ಯರ ನೆರವಿಲ್ಲದೆ ಆಡಬಲ್ಲ ಪ್ರೋಗ್ರಾಂಗಳನ್ನು ರೂಪಿಸುವುದು ಕೃತಕ ಬುದ್ಧಿಮತ್ತೆಯ ಅತ್ಯಂತ ಹಳೆಯ ಶಾಖೆಗಳಲ್ಲೊಂದು. ಕಂಪ್ಯೂಟರುಗಳು ಇಡೀ ಕೋಣೆಯನ್ನು ತುಂಬುತ್ತಿದ್ದ ಕಾಲದಲ್ಲೇ ಸಂಶೋಧಕರು ಆಟದ ಮಣೆಯನ್ನು ತಮ್ಮ ಪ್ರಯೋಗಶಾಲೆಯಾಗಿ ಆರಿಸಿಕೊಂಡರು. ಮಣೆಯ ಮೇಲೆ ನಿಯಮಗಳು ಖಚಿತ. ಬಹುಪಾಲು ಆಟಗಳಲ್ಲಿ ಎಲ್ಲ ಕಾಯಿಗಳೂ ಇಬ್ಬರ ಕಣ್ಣಿಗೂ ಕಾಣುತ್ತವೆ. ಕೊನೆಗೆ ಗೆದ್ದವರು ಯಾರು ಎಂಬುದರಲ್ಲಿ ವಾದಕ್ಕೆ ಎಡೆಯಿಲ್ಲ. ಯಂತ್ರ ಸುಧಾರಿಸಿದೆಯೋ ಇಲ್ಲವೋ ಎಂದು ತಿಳಿಯಲು ಇಷ್ಟು ನೇರವಾದ ಪರೀಕ್ಷೆ ಬೇರೆಡೆ ಸಿಗುವುದು ಕಷ್ಟ.

ಆಡುವ ಯಂತ್ರಕ್ಕೆ ಎರಡು ಕೆಲಸ ಬರಬೇಕು. ಮೊದಲನೆಯದು ಮುಂದಿನ ನಡೆಗಳನ್ನು ಹುಡುಕುವುದು: ನಾನು ಹೀಗೆ ನಡೆಸಿದರೆ ಎದುರಾಳಿ ಹಾಗೆ ನಡೆಸುತ್ತಾನೆ, ಆಗ ನನಗೆ ಉಳಿಯುವ ದಾರಿ ಯಾವುದು? ಎರಡನೆಯದು, ಹೀಗೆ ನೋಡುತ್ತ ಹೋಗಿ ಎಲ್ಲಿ ನಿಂತೆವೋ ಅಲ್ಲಿ ಯಾರ ಕೈ ಮೇಲಾಗಿದೆ ಎಂದು ತೂಗುವುದು. ಈ ಕ್ಷೇತ್ರದ ಏಳು ದಶಕಗಳ ಚರಿತ್ರೆಯನ್ನು ಈ ಎರಡು ಕೆಲಸಗಳ ಚರಿತ್ರೆಯಾಗಿಯೇ ಓದಬಹುದು. ಹುಡುಕುವುದರಲ್ಲಿ ಯಂತ್ರ ಬೇಗ ಪಳಗಿತು. ತೂಗುವ ವಿವೇಕವನ್ನು ಮಾತ್ರ ಬಹುಕಾಲ ಮನುಷ್ಯರೇ ಬರೆದುಕೊಡಬೇಕಾಯಿತು. ಪತ್ರಿಕೆಗಳ ಮುಖಪುಟದಲ್ಲಿ ಮೆರೆದವು ಹೆಚ್ಚಾಗಿ ವೇಗವಾಗಿ ಹುಡುಕುವ ಯಂತ್ರಗಳು. ಇಂದಿನ ಸ್ಥಿತಿಗೆ ದಾರಿ ಮಾಡಿಕೊಟ್ಟದ್ದು ಮಾತ್ರ ತೂಗುವುದನ್ನು ತಾವೇ ಕಲಿಯಲು ಹೊರಟ ಪ್ರೋಗ್ರಾಂಗಳ ಸಣ್ಣ ಪರಂಪರೆ. ಅದಕ್ಕೆ ಸಲ್ಲಬೇಕಾದ ಮನ್ನಣೆ ತಡವಾಗಿ ಸಂದಿತು.

ಕಂಪ್ಯೂಟರಿಗೂ ಮೊದಲು

1770ರಲ್ಲಿ ವಿಯೆನ್ನಾದ ಆಸ್ಥಾನದಲ್ಲಿ ವೋಲ್ಫ್‌ಗಾಂಗ್ ಫಾನ್ ಕೆಂಪೆಲೆನ್ ಚದುರಂಗವಾಡುವ ಒಂದು ಗೊಂಬೆಯನ್ನು ಪ್ರದರ್ಶಿಸಿದರು. ತುರ್ಕಿ ಉಡುಪು ತೊಟ್ಟ ಈ ಗೊಂಬೆ ಯುರೋಪ್ ಮತ್ತು ಅಮೆರಿಕಗಳನ್ನು ಸುತ್ತಿ, 1809ರಲ್ಲಿ ನೆಪೋಲಿಯನ್‌ನನ್ನೂ ಸೋಲಿಸಿ, 1854ರಲ್ಲಿ ಫಿಲಡೆಲ್ಫಿಯಾದಲ್ಲಿ ಬೆಂಕಿಗೆ ಆಹುತಿಯಾಯಿತು. ಅದರ ಪೆಟ್ಟಿಗೆಯೊಳಗೆ ಒಬ್ಬ ನುರಿತ ಆಟಗಾರ ಅಡಗಿ ಕೂರುತ್ತಿದ್ದ. ಮೋಸವಿಲ್ಲದ ಮೊದಲ ಯಂತ್ರ ಸ್ಪೇನ್‌ನ ಎಂಜಿನಿಯರ್ ಲಿಯೊನಾರ್ಡೊ ಟೋರೆಸ್ ಕೆವೆಡೊ ಅವರದು. 1912ರಲ್ಲಿ ತಯಾರಾಗಿ 1914ರಲ್ಲಿ ಪ್ಯಾರಿಸ್‌ನಲ್ಲಿ ಪ್ರದರ್ಶನಗೊಂಡ ಆ ಯಂತ್ರ, ತನ್ನ ರಾಜ ಮತ್ತು ಆನೆಯಿಂದ ಎದುರಾಳಿಯ ಒಂಟಿ ರಾಜನನ್ನು ಕಟ್ಟಿಹಾಕುವ ಒಂದೇ ಅಂತ್ಯದಾಟವನ್ನು ಆಡುತ್ತಿತ್ತು. ಅಷ್ಟನ್ನು ಮಾತ್ರ ವಿದ್ಯುತ್ ಮತ್ತು ಯಾಂತ್ರಿಕ ಜೋಡಣೆಯಿಂದಲೇ, ಯಾರ ಸಹಾಯವೂ ಇಲ್ಲದೆ ಸಾಧಿಸುತ್ತಿತ್ತು.

ಗಣಿತದ ಅಡಿಪಾಯವೂ ಇದೇ ಕಾಲದ್ದು. ಚದುರಂಗದಂಥ ಆಟದ ಯಾವುದೇ ಸ್ಥಿತಿಯಲ್ಲಿ ಇಬ್ಬರಲ್ಲೊಬ್ಬರಿಗೆ ಖಚಿತ ಗೆಲುವಿರಬೇಕು, ಇಲ್ಲವೇ ಇಬ್ಬರೂ ಡ್ರಾ ಸಾಧಿಸಿಕೊಳ್ಳಲು ಆಗಬೇಕು ಎಂಬ ವಾದವನ್ನು 1913ರಲ್ಲಿ ಅರ್ನ್‌ಸ್ಟ್ ಝೆರ್ಮೆಲೊ ಮಂಡಿಸಿದರು. 1928ರಲ್ಲಿ ಜಾನ್ ಫಾನ್ ನಾಯ್ಮನ್ ಮಿನಿಮ್ಯಾಕ್ಸ್ ಪ್ರಮೇಯವನ್ನು ಸಾಧಿಸಿದರು. ಎದುರಾಳಿ ತನಗೆ ಅತ್ಯುತ್ತಮವಾದದ್ದನ್ನೇ ಆಡುತ್ತಾನೆ ಎಂದಿಟ್ಟುಕೊಂಡು, ನಮಗಾಗಬಹುದಾದ ಗರಿಷ್ಠ ಹಾನಿಯನ್ನು ಆದಷ್ಟು ಕಡಿಮೆ ಮಾಡುವ ನಡೆಯನ್ನು ಆರಿಸುವುದು ಅದರ ತಿರುಳು.

ಶಾನನ್ ಮತ್ತು ಟ್ಯೂರಿಂಗ್

1950ರಲ್ಲಿ ಕ್ಲಾಡ್ ಶಾನನ್ ಪ್ರಕಟಿಸಿದ ಲೇಖನ ಚದುರಂಗದ ಪ್ರೋಗ್ರಾಂ ಹೇಗಿರಬೇಕೆಂಬುದರ ನಕ್ಷೆಯನ್ನು ಹಾಕಿಕೊಟ್ಟಿತು. ಆಟದ ಎಲ್ಲ ಸಾಧ್ಯತೆಗಳನ್ನೂ ಕೊನೆಯವರೆಗೆ ನೋಡುವುದು ಅಸಾಧ್ಯ. ಅಂಥ ಆಟಗಳ ಸಂಖ್ಯೆ 1ರ ಮುಂದೆ 120 ಸೊನ್ನೆ ಇಟ್ಟಷ್ಟಾಗುತ್ತದೆ ಎಂದು ಅವರು ಅಂದಾಜಿಸಿದರು. ಆದ್ದರಿಂದ ಎಲ್ಲೋ ಒಂದೆಡೆ ನಿಂತು ಸ್ಥಿತಿಗೆ ಬೆಲೆ ಕಟ್ಟಲೇಬೇಕು. ಶಾನನ್ ಕೊಟ್ಟ ಸೂತ್ರದಲ್ಲಿ ಮಂತ್ರಿಗೆ 9, ಆನೆಗೆ 5, ಒಂಟೆಗೂ ಕುದುರೆಗೂ 3, ಪದಾತಿಗೆ 1. ಒಂದರ ಹಿಂದೊಂದು ನಿಂತ ಅಥವಾ ಒಂಟಿಯಾದ ಪದಾತಿಗೆ ಅರ್ಧ ಅಂಕ ಕಡಿತ, ಲಭ್ಯವಿರುವ ಪ್ರತಿ ನಡೆಗೆ ಹತ್ತನೇ ಒಂದು ಅಂಕದ ಸೇರ್ಪಡೆ. ಮುಂದಿನ ಐವತ್ತು ವರ್ಷ ಚದುರಂಗದ ಪ್ರೋಗ್ರಾಂಗಳು ಆಡಿದ್ದು ಈ ಸೂತ್ರದ ಹಿಗ್ಗಿಸಿದ ರೂಪಗಳನ್ನೇ. ಎಲ್ಲ ನಡೆಗಳನ್ನೂ ಒಂದೇ ಆಳದವರೆಗೆ ನೋಡುವುದು ಒಂದು ದಾರಿ, ಭರವಸೆ ಹುಟ್ಟಿಸುವ ಕೆಲವೇ ನಡೆಗಳನ್ನು ಆರಿಸಿಕೊಂಡು ಆಳಕ್ಕಿಳಿಯುವುದು ಇನ್ನೊಂದು ದಾರಿ ಎಂದೂ ಅವರು ವಿಂಗಡಿಸಿದರು. ಮನುಷ್ಯರು ಆಡುವುದು ಎರಡನೆಯ ರೀತಿ. ಯಂತ್ರವೂ ಹಾಗೇ ಆಡಬೇಕು ಎಂಬ ಕಡೆಗೇ ಶಾನನ್ ವಾಲಿದ್ದರು.

ಅಲನ್ ಟ್ಯೂರಿಂಗ್ ಮತ್ತು ಡೇವಿಡ್ ಚಾಂಪರ್‌ನೌನ್ 1948ರಲ್ಲಿ ಬರೆಯತೊಡಗಿದ ಪ್ರೋಗ್ರಾಂಗೆ ಯಂತ್ರವೇ ಸಿಗಲಿಲ್ಲ. 1952ರಲ್ಲಿ ಟ್ಯೂರಿಂಗ್ ತಾವೇ ಕಂಪ್ಯೂಟರ್ ಆಗಿ ಕುಳಿತು, ಕಾಗದದ ಮೇಲೆ ಲೆಕ್ಕ ಮಾಡುತ್ತ, ನಡೆಯೊಂದಕ್ಕೆ ಸುಮಾರು ಅರ್ಧ ಗಂಟೆ ತೆಗೆದುಕೊಂಡು ಸಹೋದ್ಯೋಗಿ ಅಲಿಕ್ ಗ್ಲೆನಿಯ ಎದುರು ಅದನ್ನು ಆಡಿಸಿದರು. ಪ್ರೋಗ್ರಾಂ 29 ನಡೆಗಳಲ್ಲಿ ಸೋತಿತು. ಸೋಲಿಗಿಂತ ಆ ಶ್ರದ್ಧೆಯೇ ಮುಖ್ಯ: ಸೂತ್ರ ಹೇಳಿದ್ದನ್ನಷ್ಟೇ ಆಡಬೇಕು, ಮನಸ್ಸಿಗೆ ತೋಚಿದ್ದನ್ನು ಸೇರಿಸಬಾರದು ಎಂಬ ಶಿಸ್ತಿನಲ್ಲಿ ಆಡಿದ ಆಟವದು. ಅದಕ್ಕೆ ಮೊದಲೇ, 1951ರಲ್ಲಿ, ಮ್ಯಾಂಚೆಸ್ಟರ್‌ನಲ್ಲಿ ಡೀಟ್ರಿಕ್ ಪ್ರಿನ್ಸ್ ಎರಡು ನಡೆಗಳಲ್ಲಿ ಮುಗಿಯುವ ಚದುರಂಗದ ಸಮಸ್ಯೆಗಳನ್ನು ಬಿಡಿಸುವ ಪ್ರೋಗ್ರಾಂ ಅನ್ನು ನಿಜವಾದ ಯಂತ್ರದ ಮೇಲೆ ಓಡಿಸಿದ್ದರು. 1956ರಲ್ಲಿ ಲಾಸ್ ಅಲಮೋಸ್‌ನ ಮೇನಿಯಾಕ್ ಯಂತ್ರ ಒಂಟೆಗಳಿಲ್ಲದ 36 ಮನೆಗಳ ಪುಟ್ಟ ಮಣೆಯ ಮೇಲೆ ಆಡಿತು.

ಸ್ಯಾಮ್ಯುಯೆಲ್‌ರ ಚೆಕರ್ಸ್

ಈ ಚರಿತ್ರೆಯಲ್ಲಿ ಅತ್ಯಂತ ದೂರದೃಷ್ಟಿಯ ಕೆಲಸ ಯಾವುದೆಂದು ಕೇಳಿದರೆ ಐಬಿಎಂ ಕಂಪನಿಯ ಆರ್ಥರ್ ಸ್ಯಾಮ್ಯುಯೆಲ್ ಅವರದ್ದೆಂದು ಹೇಳಬೇಕಾಗುತ್ತದೆ. 1950ರ ದಶಕದ ಆರಂಭದಲ್ಲಿ ಐಬಿಎಂ 701 ಯಂತ್ರಕ್ಕಾಗಿ ಚೆಕರ್ಸ್ ಪ್ರೋಗ್ರಾಂ ಬರೆಯತೊಡಗಿದ ಅವರು, ಅದನ್ನು 1956ರಲ್ಲಿ ಅಮೆರಿಕದ ಟೆಲಿವಿಷನ್‌ನಲ್ಲಿ ತೋರಿಸಿದರು. 1959ರ ಅವರ ಲೇಖನ ‘ಯಂತ್ರ ಕಲಿಕೆ’ ಎಂಬ ಪರಿಕಲ್ಪನೆಯನ್ನು ಚಲಾವಣೆಗೆ ತಂದಿತು.

ಕಲಿಕೆ ನಡೆದ ಬಗೆ ಹೀಗೆ. ಸ್ಥಿತಿಯನ್ನು ತೂಗಲು ಉಪಯೋಗವಾಗಬಹುದಾದ 38 ಲಕ್ಷಣಗಳ ಪಟ್ಟಿಯನ್ನು ಸ್ಯಾಮ್ಯುಯೆಲ್ ಕೊಟ್ಟರು. ಪ್ರೋಗ್ರಾಂ ಒಂದು ಸಲಕ್ಕೆ ಅವುಗಳಲ್ಲಿ 16ನ್ನು ಬಳಸುತ್ತಿತ್ತು. ಯಾವುದಕ್ಕೆ ಎಷ್ಟು ತೂಕ ಎಂಬುದನ್ನು ಮಾತ್ರ ಅವರು ಹೇಳಿಕೊಡಲಿಲ್ಲ. ಪ್ರೋಗ್ರಾಂನ ಎರಡು ಪ್ರತಿಗಳು ಪರಸ್ಪರ ಆಡುತ್ತಿದ್ದವು. ಒಂದು ಪ್ರತಿಯು ಒಂದೊಂದು ನಡೆಯ ನಂತರವೂ ತನ್ನ ತೂಕಗಳನ್ನು ತಿದ್ದಿಕೊಳ್ಳುತ್ತಿತ್ತು, ಇನ್ನೊಂದು ತನ್ನವನ್ನು ಹಾಗೇ ಇಟ್ಟುಕೊಳ್ಳುತ್ತಿತ್ತು. ಕಲಿಯುವ ಪ್ರತಿ ಗೆದ್ದರೆ ಅದರ ತೂಕಗಳು ಎದುರಾಳಿ ಪ್ರತಿಗೂ ಹೋಗುತ್ತಿದ್ದವು. ಸೋಲುತ್ತಲೇ ಹೋದರೆ ಅತಿ ಭಾರವಾದ ಲಕ್ಷಣವನ್ನು ಕಿತ್ತುಹಾಕಿ ಮತ್ತೆ ಶುರು. ತಿದ್ದುಪಡಿಗೆ ಆಧಾರವೇನು? ಈಗಿನ ಸ್ಥಿತಿಗೆ ಕಟ್ಟಿದ ಬೆಲೆಯನ್ನು, ಕೆಲವು ನಡೆ ಮುಂದೆ ನೋಡಿ ಕಟ್ಟಿದ ಬೆಲೆಯ ಜೊತೆ ಹೋಲಿಸುವುದು. ಎರಡೂ ತಾಳೆಯಾಗದಿದ್ದರೆ ತಪ್ಪು ಈಗಿನ ಅಂದಾಜಿನದು. ತನ್ನ ಮುಂದಿನ ಅಂದಾಜೇ ತನ್ನ ಈಗಿನ ಅಂದಾಜಿಗೆ ಗುರುವಾಗುವ ಈ ಉಪಾಯ ಅರವತ್ತು ವರ್ಷಗಳ ಬಳಿಕ ಗೋ ಆಟವನ್ನು ಗೆದ್ದ ಯಂತ್ರಗಳಲ್ಲೂ ಬೇರೊಂದು ರೂಪದಲ್ಲಿ ಇದೆ.

1962ರಲ್ಲಿ ಈ ಪ್ರೋಗ್ರಾಂ ರಾಬರ್ಟ್ ನೀಲಿ ಎಂಬ ಆಟಗಾರರ ಮೇಲೆ ಒಂದು ಆಟ ಗೆದ್ದಾಗ ಚೆಕರ್ಸ್ ಕತೆ ಮುಗಿಯಿತೆಂದು ಹಲವರು ನಂಬಿದರು. 1966ರಲ್ಲಿ ವಿಶ್ವಮಟ್ಟದ ಆಟಗಾರರಾದ ವಾಲ್ಟರ್ ಹೆಲ್ಮನ್ ಮತ್ತು ಡೆರೆಕ್ ಓಲ್ಡ್‌ಬರಿ ಅವರೆದುರು ಅದು ಸೋತು ನಂಬಿಕೆಯನ್ನು ಸುಳ್ಳಾಗಿಸಿತು. ಆದರೂ ‘ಚೆಕರ್ಸ್ ಮುಗಿದ ಅಧ್ಯಾಯ’ ಎಂಬ ಮಾತು ಉಳಿದುಕೊಂಡಿತು. ಅದರೊಂದಿಗೆ ಕಲಿಕೆಯ ದಾರಿಯೂ ಬಹುಕಾಲ ಬರಿದಾಗಿ ಉಳಿಯಿತು. ಇದು ಈ ಕ್ಷೇತ್ರಕ್ಕಾದ ದೊಡ್ಡ ನಷ್ಟ.

ವೇಗದ ದಾರಿ

ಸಂಶೋಧಕರ ಗಮನ ಚದುರಂಗದ ಕಡೆ, ಹುಡುಕಾಟವನ್ನು ಚುರುಕುಗೊಳಿಸುವ ಕಡೆ ಹರಿಯಿತು. ಅದಕ್ಕೆ ಸಿಕ್ಕ ಪ್ರಬಲ ಸಾಧನ ಆಲ್ಫಾ-ಬೀಟಾ ಕಡಿತ. ನಾನೊಂದು ನಡೆಯನ್ನು ಪರಿಶೀಲಿಸುತ್ತಿದ್ದೇನೆ ಎನ್ನೋಣ. ಅದಕ್ಕೆ ಎದುರಾಳಿಯ ಒಂದು ಉತ್ತರದಿಂದಲೇ ನನ್ನ ಮಂತ್ರಿ ಹೋಗುತ್ತದೆ. ನನ್ನ ಬಳಿ ಮಂತ್ರಿ ಉಳಿಯುವ ಬೇರೆ ನಡೆ ಆಗಲೇ ಇದೆ. ಅಂದಮೇಲೆ ಎದುರಾಳಿಯ ಉಳಿದ ಮೂವತ್ತು ಉತ್ತರಗಳನ್ನು ನೋಡುವ ಅಗತ್ಯವೇ ಇಲ್ಲ, ಆ ಕೊಂಬೆಯನ್ನು ಅಲ್ಲೇ ಕಡಿದುಬಿಡಬಹುದು. ಒಳ್ಳೆಯ ನಡೆಗಳನ್ನು ಮೊದಲು ನೋಡುವಂತೆ ಸಾಲು ಮಾಡಿಕೊಂಡರೆ, ಅದೇ ಸಮಯದಲ್ಲಿ ಹೆಚ್ಚುಕಡಿಮೆ ಎರಡು ಪಟ್ಟು ಆಳಕ್ಕೆ ಹೋಗಬಹುದು, ಮತ್ತು ಫಲಿತಾಂಶ ಒಂದಿಷ್ಟೂ ಬದಲಾಗುವುದಿಲ್ಲ. 1975ರಲ್ಲಿ ಡೊನಾಲ್ಡ್ ಕ್ನೂತ್ ಮತ್ತು ರೊನಾಲ್ಡ್ ಮೂರ್ ಇದರ ಗಣಿತವನ್ನು ವಿಶದಪಡಿಸಿದರು.

ಹತ್ತು ವರ್ಷದಲ್ಲಿ ಕಂಪ್ಯೂಟರ್ ವಿಶ್ವ ಚಾಂಪಿಯನ್ ಆಗುತ್ತದೆಂದು ಹರ್ಬರ್ಟ್ ಸೈಮನ್ 1950ರ ದಶಕದ ಕೊನೆಯಲ್ಲೇ ಭವಿಷ್ಯ ನುಡಿದಿದ್ದರು. ಅದು ಹುಸಿಯಾಯಿತು. ಎಂಐಟಿಯ ರಿಚರ್ಡ್ ಗ್ರೀನ್‌ಬ್ಲಾಟ್ ಬರೆದ ಮ್ಯಾಕ್ ಹ್ಯಾಕ್ 1967ರಲ್ಲಿ ಮನುಷ್ಯರ ಪಂದ್ಯಾವಳಿಗಳಲ್ಲಿ ಆಡಿತು. 1968ರಲ್ಲಿ ಸ್ಕಾಟ್ಲೆಂಡಿನ ಆಟಗಾರ ಡೇವಿಡ್ ಲೆವಿ ಇನ್ನು ಹತ್ತು ವರ್ಷ ಯಾವ ಪ್ರೋಗ್ರಾಂ ಕೂಡ ತಮ್ಮನ್ನು ಸೋಲಿಸಲಾರದೆಂದು ಬಾಜಿ ಕಟ್ಟಿದರು. 1978ರಲ್ಲಿ ಅದನ್ನು ಗೆದ್ದರು. 1974ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ನಡೆದ ಮೊದಲ ಕಂಪ್ಯೂಟರ್ ಚದುರಂಗ ವಿಶ್ವ ಚಾಂಪಿಯನ್‌ಷಿಪ್ ಸೋವಿಯತ್ ಒಕ್ಕೂಟದ ಕೈಸ್ಸಾ ಪಾಲಾಯಿತು. ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಮ್ಸನ್ ಮತ್ತು ಜೋ ಕಾಂಡನ್ ಚದುರಂಗಕ್ಕೆಂದೇ ವಿಶೇಷ ಸರ್ಕ್ಯೂಟ್‌ಗಳಿಂದ ಕಟ್ಟಿದ ಬೆಲ್ ಯಂತ್ರ 1983ರಲ್ಲಿ ಮಾಸ್ಟರ್ ದರ್ಜೆ ಪಡೆದ ಮೊದಲ ಯಂತ್ರವಾಯಿತು.

ಇದೇ ದಾರಿಯಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಾದ ಫೆಂಗ್-ಶಿಯುಂಗ್ ಶು, ಥಾಮಸ್ ಅನಂತರಾಮನ್, ಮುರ್ರೆ ಕ್ಯಾಂಪ್‌ಬೆಲ್ ಚಿಪ್‌ಟೆಸ್ಟ್, ಡೀಪ್ ಥಾಟ್ ಯಂತ್ರಗಳನ್ನು ಕಟ್ಟಿದರು. ಡೀಪ್ ಥಾಟ್ 1988ರಲ್ಲಿ ಗ್ರ್ಯಾಂಡ್‌ಮಾಸ್ಟರ್ ಬೆಂಟ್ ಲಾರ್ಸೆನ್ ಅವರನ್ನು ಸೋಲಿಸಿತು. ಶು ಮತ್ತು ಕ್ಯಾಂಪ್‌ಬೆಲ್ ಐಬಿಎಂ ಸೇರಿದ ಮೇಲೆ ಅದರ ಉತ್ತರಾಧಿಕಾರಿಯಾಗಿ ಬಂದದ್ದು ಡೀಪ್ ಬ್ಲೂ. 1996ರ ಫೆಬ್ರವರಿಯಲ್ಲಿ ಫಿಲಡೆಲ್ಫಿಯಾದಲ್ಲಿ ಅದು ವಿಶ್ವ ಚಾಂಪಿಯನ್ ಗ್ಯಾರಿ ಕ್ಯಾಸ್ಪರೋವ್ ಮೇಲೆ ಮೊದಲ ಆಟ ಗೆದ್ದರೂ ಪಂದ್ಯವನ್ನು 4–2ರಿಂದ ಸೋತಿತು. 1997ರ ಮೇ ತಿಂಗಳಲ್ಲಿ ನ್ಯೂಯಾರ್ಕ್‌ನಲ್ಲಿ 3.5–2.5ರಿಂದ ಗೆದ್ದಿತು. 480 ವಿಶೇಷ ಚಿಪ್‌ಗಳಿಂದ ಸೆಕೆಂಡಿಗೆ 20 ಕೋಟಿ ಸ್ಥಿತಿಗಳನ್ನು ನೋಡುತ್ತಿದ್ದ ಆ ಯಂತ್ರದ ತೂಗುವ ಸೂತ್ರವನ್ನು ಜೋಯೆಲ್ ಬೆಂಜಮಿನ್ ಮೊದಲಾದ ಗ್ರ್ಯಾಂಡ್‌ಮಾಸ್ಟರುಗಳ ನೆರವಿನಿಂದ ಎಂಜಿನಿಯರುಗಳು ಕೈಯಾರೆ ತಿದ್ದಿ ತೀಡಿದ್ದರು. ಎರಡನೆಯ ಆಟದಲ್ಲಿ ಕ್ಯಾಸ್ಪರೋವ್ ಸೋಲೊಪ್ಪಿದ ಸ್ಥಿತಿಯಲ್ಲಿ ಡ್ರಾ ಸಾಧ್ಯವಿತ್ತೆಂದು ವಿಶ್ಲೇಷಕರು ಆಮೇಲೆ ತೋರಿಸಿದರು. ಆ ಪೆಟ್ಟಿನಿಂದ ಅವರು ಚೇತರಿಸಿಕೊಂಡಂತೆ ಕಾಣಲಿಲ್ಲ; ಆರನೆಯ ಆಟ 19 ನಡೆಗಳಲ್ಲೇ ಮುಗಿಯಿತು.

ಡೀಪ್ ಬ್ಲೂ ಎಂಜಿನಿಯರಿಂಗ್‌ನ ಶಿಖರ. ಒಂದು ಯುಗದ ಅಂತ್ಯವೂ ಹೌದು. ಅದು ತಾನಾಗಿ ಕಲಿತದ್ದು ಅತ್ಯಲ್ಪ, ಅದನ್ನು ಬೇರೆ ಆಟಕ್ಕೆ ಒಯ್ಯುವಂತಿರಲಿಲ್ಲ. ಪಂದ್ಯದ ಬಳಿಕ ಐಬಿಎಂ ಅದನ್ನು ಮತ್ತೆ ಆಡಿಸಲಿಲ್ಲ. ಚದುರಂಗದ ಬಲ ಮುಂದೆ ವಿಶೇಷ ಯಂತ್ರಗಳಿಂದ ಸಾಮಾನ್ಯ ಕಂಪ್ಯೂಟರುಗಳಿಗೆ ಇಳಿಯಿತು. 2006ರಲ್ಲಿ ಬಾನ್ ನಗರದಲ್ಲಿ ವಿಶ್ವ ಚಾಂಪಿಯನ್ ವ್ಲಾದಿಮಿರ್ ಕ್ರಾಮ್ನಿಕ್ ಡೀಪ್ ಫ್ರಿಟ್ಜ್ ಎದುರು 4–2ರಿಂದ ಸೋತರು. 2009ರಲ್ಲಿ ಬ್ಯೂನಸ್ ಐರಿಸ್‌ನ ಪಂದ್ಯಾವಳಿಯೊಂದನ್ನು ಮೊಬೈಲ್ ಫೋನಿನಲ್ಲಿ ಓಡುತ್ತಿದ್ದ ಪ್ರೋಗ್ರಾಂ ಗೆದ್ದಿತು.

ಟಿನ್‌ಸ್ಲಿ, ಚಿನೂಕ್ ಮತ್ತು ಪೂರ್ತಿ ಬಿಡಿಸಿದ ಆಟಗಳು

ಮನುಷ್ಯ ಮತ್ತು ಯಂತ್ರದ ಪಂದ್ಯಗಳಲ್ಲಿ ಅತ್ಯಂತ ಘನತೆಯಿಂದ ನಡೆದದ್ದು ಚೆಕರ್ಸ್‌ನಲ್ಲಿ. ಫ್ಲಾರಿಡಾದ ಗಣಿತ ಪ್ರಾಧ್ಯಾಪಕ ಮೇರಿಯನ್ ಟಿನ್‌ಸ್ಲಿ 1950ರಿಂದ ಬದುಕಿನ ಕೊನೆಯವರೆಗೆ ಸೋತ ಆಟಗಳು ಬೆರಳೆಣಿಕೆಯಷ್ಟು. ಕೆನಡಾದ ಅಲ್ಬರ್ಟಾ ವಿಶ್ವವಿದ್ಯಾಲಯದ ಜೊನಾಥನ್ ಶೇಫರ್ 1989ರಲ್ಲಿ ಚಿನೂಕ್ ಎಂಬ ಪ್ರೋಗ್ರಾಂ ಶುರುಮಾಡಿದ್ದೇ ಅವರನ್ನು ಎದುರಿಸಲು. 1990ರಲ್ಲಿ ನಡೆದ ಒಂದು ಆಟದಲ್ಲಿ ಚಿನೂಕ್ ತನ್ನ ಹತ್ತನೆಯ ನಡೆ ಆಡಿದ ಕೂಡಲೇ, ಇದಕ್ಕೆ ನೀವು ಪಶ್ಚಾತ್ತಾಪ ಪಡುವಿರಿ ಎಂದು ಟಿನ್‌ಸ್ಲಿ ಶೇಫರ್‌ಗೆ ಹೇಳಿದರು. ಯಂತ್ರದ ಲೆಕ್ಕದಲ್ಲಿ ಆಗ ಅದರದ್ದೇ ಕೈ ಮೇಲಿತ್ತು. ಬಹಳ ನಡೆಗಳ ಬಳಿಕ ಟಿನ್‌ಸ್ಲಿ ಹೇಳಿದಂತೆಯೇ ಆಯಿತು. ಅದೇ ವರ್ಷ ಅರ್ಹತಾ ಪಂದ್ಯಾವಳಿಯಲ್ಲಿ ಎರಡನೆಯ ಸ್ಥಾನ ಪಡೆದು ಚಿನೂಕ್ ವಿಶ್ವ ಚಾಂಪಿಯನ್‌ಗೆ ಸವಾಲು ಹಾಕುವ ಹಕ್ಕು ಗಳಿಸಿತ್ತು. ಯಂತ್ರಕ್ಕೆ ಆ ಹಕ್ಕು ಕೊಡಲು ಚೆಕರ್ಸ್ ಸಂಘಗಳು ಒಪ್ಪದಿದ್ದಾಗ, ಆ ಚಾಂಪಿಯನ್ ಆಗಿದ್ದ ಟಿನ್‌ಸ್ಲಿ ತಮ್ಮ ಪಟ್ಟವನ್ನೇ ಬಿಟ್ಟುಕೊಟ್ಟು ಆಡಲು ಬಂದರು. ಸಮಬಲದ ಎದುರಾಳಿ ಸಿಗದೆ ಬೇಸತ್ತಿದ್ದ ಅವರಿಗೆ ಆಟ ಪಟ್ಟಕ್ಕಿಂತ ದೊಡ್ಡದಾಗಿತ್ತು.

1992ರಲ್ಲಿ ಲಂಡನ್‌ನಲ್ಲಿ ನಡೆದ ಪಂದ್ಯವನ್ನು ಟಿನ್‌ಸ್ಲಿ ಗೆದ್ದರು: ನಾಲ್ಕು ಗೆಲುವು, ಎರಡು ಸೋಲು, 33 ಡ್ರಾ. 1994ರಲ್ಲಿ ಬಾಸ್ಟನ್‌ನಲ್ಲಿ ಮತ್ತೆ ಎದುರಾದಾಗ ಆರು ಆಟಗಳು ಡ್ರಾ ಆದ ಮೇಲೆ ಅನಾರೋಗ್ಯದಿಂದ ಅವರು ಹಿಂದೆ ಸರಿದರು. ಮೇದೋಜೀರಕ ಗ್ರಂಥಿಯ ಕ್ಯಾನ್ಸರ್‌ನಿಂದ 1995ರಲ್ಲಿ ತೀರಿಕೊಂಡರು. ಚಿನೂಕ್‌ಗೆ ಪಟ್ಟ ಸಿಕ್ಕಿತು, ಆದರೆ ಟಿನ್‌ಸ್ಲಿಯನ್ನು ಅದು ಗೆಲ್ಲಬಲ್ಲದಾಗಿತ್ತೇ ಎಂಬ ಪ್ರಶ್ನೆ ಹಾಗೇ ಉಳಿಯಿತು. ಶೇಫರ್ ಕೊಟ್ಟ ಉತ್ತರ ಇಡೀ ಆಟವನ್ನೇ ಬಿಡಿಸುವುದು. ಮಣೆಯ ಮೇಲೆ ಹತ್ತು ಅಥವಾ ಅದಕ್ಕಿಂತ ಕಡಿಮೆ ಕಾಯಿಗಳು ಉಳಿದ ಸುಮಾರು 39 ಲಕ್ಷ ಕೋಟಿ ಸ್ಥಿತಿಗಳ ಫಲಿತಾಂಶವನ್ನು ಹಿಂದಿನಿಂದ ಮುಂದಕ್ಕೆ ಲೆಕ್ಕಹಾಕಿ ಕೂಡಿಟ್ಟರು. ಆರಂಭದಿಂದ ಹೊರಟ ಹುಡುಕಾಟ ಆ ಕೋಶವನ್ನು ಮುಟ್ಟಿದಾಗ, 2007ರಲ್ಲಿ, ಫಲಿತಾಂಶ ಪ್ರಕಟವಾಯಿತು: ಇಬ್ಬರೂ ತಪ್ಪಿಲ್ಲದೆ ಆಡಿದರೆ ಚೆಕರ್ಸ್ ಡ್ರಾ.

ಬಿಡಿಸಲಾದ ಬೇರೆ ಆಟಗಳಲ್ಲಿ ಕನ್ನಡದ ಓದುಗರಿಗೆ ಪರಿಚಿತವಾದವೂ ಇವೆ. ನಮ್ಮ ಊರುಗಳಲ್ಲಿ ಸಾಲುಮನೆ, ನವಕಂಕರಿ ಎಂದೆಲ್ಲ ಹೆಸರಿರುವ, ತಲಾ ಒಂಬತ್ತು ಕಾಯಿಗಳ ಆಟ ಯುರೋಪಿನಲ್ಲೂ ಪ್ರಾಚೀನ. ಅದು ಡ್ರಾ ಎಂದು ರಾಲ್ಫ್ ಗಾಸರ್ 1990ರ ದಶಕದಲ್ಲಿ ಸಾಧಿಸಿದರು. ಅಳಗುಳಿಮಣೆ, ಚೆನ್ನೆಮಣೆಗಳ ಕುಟುಂಬಕ್ಕೆ ಸೇರಿದ ಆಫ್ರಿಕಾದ ಅವಾರಿ ಆಟವನ್ನು 2002ರಲ್ಲಿ ಆಮ್‌ಸ್ಟರ್‌ಡಾಮ್‌ನ ಜಾನ್ ರೊಮೇನ್ ಮತ್ತು ಹೆನ್ರಿ ಬಾಲ್ ಬಿಡಿಸಿದರು, ಅದೂ ಡ್ರಾ. ನಮ್ಮ ಆಡುಹುಲಿಯ ನಂಟನಾದ ನೇಪಾಳದ ಬಾಘ್ ಚಾಲ್‌ನ ಫಲಿತಾಂಶವೂ ಡ್ರಾ ಎಂದು ತೋರಿಸಲಾಗಿದೆ. ನಾಲ್ಕು ಬಿಲ್ಲೆ ಜೋಡಿಸುವ ಕನೆಕ್ಟ್ ಫೋರ್ ಮಾತ್ರ ಮೊದಲು ಆಡಿದವರ ಪಾಲು. ಇದನ್ನು 1988ರಲ್ಲಿ ಜೇಮ್ಸ್ ಅಲೆನ್ ಮತ್ತು ವಿಕ್ಟರ್ ಆಲಿಸ್ ಬೇರೆಬೇರೆಯಾಗಿ ಕಂಡುಕೊಂಡರು. ಅಳಗುಳಿಮಣೆ, ಆಡುಹುಲಿಗಳ ನಮ್ಮದೇ ಪ್ರಕಾರಗಳು ಇಂಥ ಅಧ್ಯಯನಕ್ಕೆ ಯೋಗ್ಯವಾಗಿವೆ. ನಮ್ಮ ಕಂಪ್ಯೂಟರ್ ವಿಭಾಗಗಳ ವಿದ್ಯಾರ್ಥಿಗಳು ಇದನ್ನು ಕೈಗೆತ್ತಿಕೊಳ್ಳಬೇಕು.

ಚದುರಂಗ ಪೂರ್ತಿ ಬಿಡಿಸಿದ ಆಟವಲ್ಲ. ರಾಜರನ್ನೂ ಸೇರಿಸಿ ಏಳು ಕಾಯಿಗಳವರೆಗಿನ ಅಂತ್ಯದಾಟಗಳ ಕೋಷ್ಟಕ ಮಾತ್ರ ಸಿದ್ಧವಿದೆ. ಎರಡು ಒಂಟೆಗಳು ಒಂಟಿ ಕುದುರೆಯನ್ನು ಗೆಲ್ಲಲಾರವೆಂಬ ನಂಬಿಕೆ ತಪ್ಪೆಂದು ಥಾಮ್ಸನ್ ಅವರ ಕೋಷ್ಟಕಗಳು ತೋರಿಸಿಕೊಟ್ಟಿದ್ದು ಹೀಗೆ.

ದಾಳದ ಆಟದಿಂದ ಬಂದ ತಿರುವು

ಸ್ಯಾಮ್ಯುಯೆಲ್‌ರ ಎಳೆಯನ್ನು ಮತ್ತೆ ಕೈಗೆತ್ತಿಕೊಂಡವರು ಐಬಿಎಂನವರೇ ಆದ ಜೆರಾಲ್ಡ್ ಟೆಸಾರೊ. ಬ್ಯಾಕ್‌ಗ್ಯಾಮನ್‌ನಲ್ಲಿ ದಾಳ ಬೀಳುವ ಬಗೆಗಳೇ 21, ಪ್ರತಿಯೊಂದಕ್ಕೂ ಸರಾಸರಿ ಇಪ್ಪತ್ತರಷ್ಟು ನಡೆಗಳು. ಆಳವಾದ ಹುಡುಕಾಟ ಇಲ್ಲಿ ನಡೆಯುವುದಿಲ್ಲ, ತೂಗುವುದು ಬರಲೇಬೇಕು. ರಿಚರ್ಡ್ ಸಟನ್ ಬೆಳೆಸಿದ್ದ ಕಲಿಕೆಯ ಸಿದ್ಧಾಂತವನ್ನು ಟೆಸಾರೊ ನರಜಾಲದೊಂದಿಗೆ ಬೆಸೆದು 1992ರಲ್ಲಿ ಟಿಡಿ-ಗ್ಯಾಮನ್ ರೂಪಿಸಿದರು. ನರಜಾಲವೆಂದರೆ ಪರಸ್ಪರ ಬೆಸೆದ ಸರಳ ಘಟಕಗಳ ಪದರಗಳು. ಬೆಸುಗೆಗಳ ತೂಕಗಳಲ್ಲೇ ಅದರ ಜ್ಞಾನವೆಲ್ಲ ಇರುತ್ತದೆ. ಮೊದಮೊದಲು ಆ ತೂಕಗಳು ಅಡ್ಡಾದಿಡ್ಡಿಯಾಗಿದ್ದು ಯಂತ್ರ ಮನಬಂದಂತೆ ಆಡುತ್ತಿತ್ತು. ತನ್ನೊಂದಿಗೆ ತಾನೇ ಲಕ್ಷಾಂತರ ಆಟ ಆಡಿ, ನಂತರದ ಆವೃತ್ತಿಯಲ್ಲಿ ಹದಿನೈದು ಲಕ್ಷ ಆಟ ಆಡಿ, ಅದು ವಿಶ್ವಮಟ್ಟಕ್ಕೇರಿತು. ಹೆಸರಾಂತ ಆಟಗಾರ ಬಿಲ್ ರಾಬರ್ಟಿ ಜೊತೆಗಿನ 40 ಆಟಗಳಲ್ಲಿ ಒಂದೇ ಅಂಕದಿಂದ ಹಿಂದೆ ಬಿತ್ತು.

ಹೆಚ್ಚಿನ ವಿಷಯವೆಂದರೆ ಅದು ಮನುಷ್ಯರಿಗೆ ಕಲಿಸಿತು. ಆರಂಭದಲ್ಲೇ ಎರಡು-ಒಂದು ಬಿದ್ದರೆ ಒಂಟಿ ಕಾಯಿಯನ್ನು ಹೊಡೆತಕ್ಕೆ ಸಿಗುವಂತೆ ಮುಖ್ಯ ಮನೆಯಲ್ಲಿಟ್ಟು ಸಾಹಸ ಮಾಡುವುದು ಪರಿಣತರ ರೂಢಿಯಾಗಿತ್ತು. ಹಿಂದಿನ ಕಾಯಿಯೊಂದನ್ನು ಒಂದು ಮನೆ ಸರಿಸುವುದೇ ಮೇಲೆಂದು ಟಿಡಿ-ಗ್ಯಾಮನ್ ತೂಗಿತು. ವಿಶ್ಲೇಷಣೆಯಿಂದ ಅದರ ಮಾತು ಸರಿಯೆನಿಸಿ, ಆಟಗಾರರು ತಮ್ಮ ರೂಢಿಯನ್ನು ಬದಲಿಸಿಕೊಂಡರು. ಡೀಪ್ ಬ್ಲೂ ಗದ್ದಲಕ್ಕೆ ಐದು ವರ್ಷ ಮೊದಲೇ ನಡೆದ ಈ ಸಾಧನೆ ಆಗ ತಜ್ಞರ ವಲಯದಾಚೆ ಹೆಚ್ಚು ಸುದ್ದಿಯಾಗಲಿಲ್ಲ.

ಗೋ

ಪೂರ್ವ ಏಷ್ಯಾದ ಗೋ ಆಟದಲ್ಲಿ 19 ಗೆರೆಗಳು 19 ಗೆರೆಗಳನ್ನು ಹಾಯುವ 361 ಬಿಂದುಗಳ ಮೇಲೆ ಕಪ್ಪು ಬಿಳಿ ಹರಳುಗಳನ್ನಿಟ್ಟು ಜಾಗ ಸುತ್ತುವರಿಯಬೇಕು. ಸಾಧ್ಯವಿರುವ ಸ್ಥಿತಿಗಳ ಸಂಖ್ಯೆ 171 ಅಂಕಿಗಳಷ್ಟು ಉದ್ದ. ಚದುರಂಗದಲ್ಲಿ ಒಂದು ಸ್ಥಿತಿಯಿಂದ ಸರಾಸರಿ 35 ನಡೆಗಳಿದ್ದರೆ ಇಲ್ಲಿ 250. ಇದಕ್ಕಿಂತಲೂ ದೊಡ್ಡ ತೊಡಕು ತೂಗುವುದರಲ್ಲಿತ್ತು. ಎಲ್ಲ ಹರಳುಗಳೂ ಒಂದೇ, ಮಂತ್ರಿಗೆ ಒಂಬತ್ತು ಆನೆಗೆ ಐದು ಎಂಬಂಥ ಲೆಕ್ಕವಿಲ್ಲ. ಒಂದು ಗುಂಪು ಬದುಕಿದೆಯೋ ಸತ್ತಿದೆಯೋ ಎಂಬುದು ನೂರು ನಡೆಗಳ ಬಳಿಕ ತೀರ್ಮಾನವಾಗಬಹುದು. 2000ದವರೆಗೂ ಅತ್ಯುತ್ತಮ ಪ್ರೋಗ್ರಾಂಗಳು ಸಾಧಾರಣ ಹವ್ಯಾಸಿಗಳಿಗೂ ಸೋಲುತ್ತಿದ್ದವು.

ಮೊದಲ ದಾರಿ ತೆರೆದದ್ದು 2006ರಲ್ಲಿ. ಸ್ಥಿತಿಯನ್ನು ತೂಗಲು ಬಾರದಿದ್ದರೆ ಅಲ್ಲಿಂದ ಆಟವನ್ನು ಹೆಚ್ಚುಕಡಿಮೆ ಯಾದೃಚ್ಛಿಕವಾಗಿ ಕೊನೆಯವರೆಗೆ ಸಾವಿರಾರು ಸಲ ಆಡಿ, ಯಾರು ಹೆಚ್ಚು ಗೆದ್ದರೆಂದು ಎಣಿಸಿದರಾಯಿತು. ಭರವಸೆ ತೋರಿದ ಕೊಂಬೆಗಳಿಗೆ ಹೆಚ್ಚು ಆಟಗಳನ್ನು ಮೀಸಲಿಡುತ್ತ ಹೋದರಾಯಿತು. ಫ್ರಾನ್ಸಿನ ರೆಮಿ ಕುಲೊಂ ಈ ವಿಧಾನಕ್ಕೆ ಮಾಂಟೆ ಕಾರ್ಲೊ ವೃಕ್ಷ ಹುಡುಕಾಟ ಎಂದು ಹೆಸರಿಟ್ಟರು. ಎರಡು ವರ್ಷದಲ್ಲೇ ಮೋಗೊ ಪ್ರೋಗ್ರಾಂ ಒಂಬತ್ತು ಹರಳುಗಳ ರಿಯಾಯಿತಿ ಪಡೆದು ವೃತ್ತಿಪರ ಆಟಗಾರರೊಬ್ಬರನ್ನು ಸೋಲಿಸಿತು. 2013ರ ಹೊತ್ತಿಗೆ ಆ ರಿಯಾಯಿತಿ ನಾಲ್ಕಕ್ಕಿಳಿದು ಅಲ್ಲೇ ನಿಂತಿತು.

ಲಂಡನ್‌ನ ಡೀಪ್‌ಮೈಂಡ್ ಸಂಸ್ಥೆ ಈ ಹುಡುಕಾಟಕ್ಕೆ ಎರಡು ನರಜಾಲಗಳನ್ನು ಜೋಡಿಸಿ ಆಲ್ಫಾಗೋ ರೂಪಿಸಿತು. ಪ್ರಬಲ ಆಟಗಾರರ ಸುಮಾರು ಮೂರು ಕೋಟಿ ಸ್ಥಿತಿಗಳನ್ನು ನೋಡಿ, ಯಾವ ನಡೆಗಳು ಪರಿಶೀಲನೆಗೆ ಯೋಗ್ಯವೆಂದು ಒಂದು ಜಾಲ ಕಲಿತು, ಆಮೇಲೆ ತನ್ನೊಂದಿಗೆ ತಾನೇ ಆಡಿ ಬಲಗೊಂಡಿತು. ಇನ್ನೊಂದು ಜಾಲ ಸ್ಥಿತಿಯನ್ನು ತೂಗಿ ಗೆಲುವಿನ ಸಂಭವವನ್ನು ಹೇಳುತ್ತಿತ್ತು. ಆರಿಸಿ ನೋಡಬೇಕೆಂಬ ಶಾನನ್‌ರ ಆಸೆ ಮತ್ತು ತೂಗುವುದನ್ನು ತಾನೇ ಕಲಿಯಬೇಕೆಂಬ ಸ್ಯಾಮ್ಯುಯೆಲ್‌ರ ಆಸೆ ಇಲ್ಲಿ ಒಂದಾದವು. 2015ರ ಅಕ್ಟೋಬರ್‌ನಲ್ಲಿ ಅದು ಯುರೋಪಿನ ಚಾಂಪಿಯನ್ ಫಾನ್ ಹುಯಿ ಅವರನ್ನು 5–0ಯಿಂದ ಸೋಲಿಸಿತು.

2016ರ ಮಾರ್ಚ್‌ನಲ್ಲಿ ಸಿಯೋಲ್‌ನಲ್ಲಿ ಎದುರಾದವರು 18 ಅಂತರರಾಷ್ಟ್ರೀಯ ಪ್ರಶಸ್ತಿಗಳ ಒಡೆಯ ಲೀ ಸೆಡಾಲ್. ಎರಡನೆಯ ಆಟದ 37ನೆಯ ನಡೆಯಲ್ಲಿ ಆಲ್ಫಾಗೋ ಬಲಬದಿಯಲ್ಲಿ ಐದನೆಯ ಗೆರೆಯ ಮೇಲೆ, ಎದುರಾಳಿಯ ಹರಳಿನ ಹೆಗಲಿಗೆ ತಾಗುವಂತೆ, ಒಂದು ಕಪ್ಪು ಹರಳನ್ನಿಟ್ಟಿತು. ಮೂರನೆಯ ಗೆರೆ ಜಾಗಕ್ಕೆ, ನಾಲ್ಕನೆಯದು ಪ್ರಭಾವಕ್ಕೆ ಎಂಬುದು ಗೋ ವಿದ್ಯಾರ್ಥಿಗಳು ಮೊದಲು ಕಲಿಯುವ ಪಾಠ. ಇಷ್ಟು ಬೇಗ ಐದನೆಯ ಗೆರೆಯಿಂದ ಒತ್ತಿದರೆ ಎದುರಾಳಿಗೆ ಕೆಳಗಿನ ಜಾಗವನ್ನು ಸುಮ್ಮನೆ ಬಿಟ್ಟುಕೊಟ್ಟಂತೆ. ವೀಕ್ಷಕ ವಿವರಣೆಕಾರರು ಹರಳನ್ನು ತಪ್ಪು ಜಾಗದಲ್ಲಿಟ್ಟಿರಬೇಕೆಂದು ಅನುಮಾನಿಸಿದರು. ಮನುಷ್ಯನೊಬ್ಬ ಇದನ್ನು ಆಡುವ ಸಂಭವ ಹತ್ತು ಸಾವಿರದಲ್ಲೊಂದು ಎಂದು ಆಲ್ಫಾಗೋದ ಜಾಲವೇ ಅಂದಾಜಿಸಿತ್ತು. ಹಾಗಿದ್ದೂ ಅದರ ಹುಡುಕಾಟ ಆ ನಡೆಯನ್ನು ಆರಿಸಿತು. ಆಟ ಮುಂದುವರಿದಂತೆ ಆ ಹರಳು ಮಣೆಯ ನಡುಭಾಗವನ್ನು ಬಲಪಡಿಸಿತು. ಲೀ ಸೋತರು.

ಮೂರು ಆಟ ಸೋತ ಲೀ ನಾಲ್ಕನೆಯದರಲ್ಲಿ 78ನೆಯ ನಡೆಯಾಗಿ ನಡುಮಣೆಯಲ್ಲಿ, ಎದುರಾಳಿಯ ಹರಳುಗಳ ಸಂದಿಗೆ, ಬೆಣೆಯಂತೆ ಒಂದು ಬಿಳಿ ಹರಳನ್ನಿಟ್ಟರು. ಯಂತ್ರದ ಲೆಕ್ಕದಲ್ಲಿ ಅದೂ ಬಹುತೇಕ ಅಸಂಭವ ನಡೆ. ಮರುನಡೆಯಲ್ಲೇ ಆಲ್ಫಾಗೋ ಎಡವಿತು, ಎಡವಿದ್ದು ಅದಕ್ಕೆ ಗೊತ್ತಾದದ್ದು 87ರ ಸುಮಾರಿಗೆ. ಆ ಆಟವನ್ನು ಲೀ ಗೆದ್ದರು. ಪಂದ್ಯ 4–1ಕ್ಕೆ ಮುಗಿಯಿತು. 2017ರಲ್ಲಿ ಚೀನಾದ ವೂಜೆನ್‌ನಲ್ಲಿ ಅಗ್ರಶ್ರೇಯಾಂಕದ ಕೆ ಜಿಯೆ 3–0ಯಿಂದ ಸೋತ ಮೇಲೆ ಆಲ್ಫಾಗೋ ಸ್ಪರ್ಧೆಯಿಂದ ನಿವೃತ್ತವಾಯಿತು. ಲೀ ಸೆಡಾಲ್ 2019ರಲ್ಲಿ ವೃತ್ತಿ ಬಿಟ್ಟರು, ಯಂತ್ರದ ಎದುರಿಲ್ಲದ ಹಿರಿಮೆ ಅದಕ್ಕೆ ಒಂದು ಕಾರಣವೆಂದು ಹೇಳಿಕೊಂಡರು.

ಶೂನ್ಯದಿಂದ ಕಲಿಕೆ

2017ರ ಅಕ್ಟೋಬರ್‌ನಲ್ಲಿ ಪ್ರಕಟವಾದ ಆಲ್ಫಾಗೋ ಜೀರೊ ಮನುಷ್ಯರ ಒಂದು ಆಟವನ್ನೂ ನೋಡಿರಲಿಲ್ಲ. ಅದಕ್ಕೆ ಕೊಟ್ಟದ್ದು ಬರಿಯ ನಿಯಮಗಳು. ಹುಡುಕಾಟದಿಂದ ಸಿಕ್ಕ ಉತ್ತಮ ನಡೆಯನ್ನು ಜಾಲ ಕಲಿಯುತ್ತದೆ, ಕಲಿತ ಜಾಲ ಮುಂದಿನ ಹುಡುಕಾಟವನ್ನು ಇನ್ನಷ್ಟು ಉತ್ತಮಪಡಿಸುತ್ತದೆ. ಈ ಸುತ್ತಿನಲ್ಲಿ ಮೂರು ದಿನ, 49 ಲಕ್ಷ ಆಟಗಳ ಬಳಿಕ, ಅದು ಲೀಯನ್ನು ಗೆದ್ದ ಆವೃತ್ತಿಯನ್ನು 100–0ಯಿಂದ ಸೋಲಿಸಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಬಂದ ಆಲ್ಫಾಜೀರೊ ಇದೇ ವಿಧಾನದಿಂದ ಚದುರಂಗ, ಶೋಗಿ, ಗೋ ಮೂರನ್ನೂ ಕಲಿತು, ಆಗಿನ ಪ್ರಬಲ ಚದುರಂಗ ಪ್ರೋಗ್ರಾಂ ಸ್ಟಾಕ್‌ಫಿಶ್ ಎದುರು ನೂರು ಆಟಗಳಲ್ಲಿ 28 ಗೆದ್ದು 72 ಡ್ರಾ ಮಾಡಿತು. ಸ್ಟಾಕ್‌ಫಿಶ್‌ಗೆ ಕೊಟ್ಟ ಸಮಯ ಮತ್ತು ಸ್ಮೃತಿಯ ಷರತ್ತುಗಳು ನ್ಯಾಯವಾಗಿರಲಿಲ್ಲ ಎಂಬ ಆಕ್ಷೇಪದಲ್ಲಿ ಹುರುಳಿತ್ತು. 2018ರಲ್ಲಿ ಪ್ರಕಟವಾದ, ಷರತ್ತುಗಳನ್ನು ತಿದ್ದಿಕೊಂಡ ಸಾವಿರ ಆಟಗಳ ಪಂದ್ಯದಲ್ಲೂ ಆಲ್ಫಾಜೀರೊ 155 ಗೆದ್ದು ಆರನ್ನಷ್ಟೇ ಸೋತಿತು. ಸೆಕೆಂಡಿಗೆ ಅದು ನೋಡುತ್ತಿದ್ದುದು ಸುಮಾರು 60 ಸಾವಿರ ಸ್ಥಿತಿಗಳನ್ನು, ಸ್ಟಾಕ್‌ಫಿಶ್ ನೋಡುತ್ತಿದ್ದುದು ಆರು ಕೋಟಿ. ತೂಗುವುದು ಬಂದರೆ ಹುಡುಕುವ ಹೊರೆ ಎಷ್ಟು ಇಳಿಯುತ್ತದೆಂಬುದಕ್ಕೆ ಈ ಎರಡು ಅಂಕಿಗಳು ಸಾಕು.

ಈ ಕಲಿಕೆಗೆ ಬೇಕಾದ ಗಣನ ಶಕ್ತಿಯಾದರೋ ಅಪಾರ. ಗೂಗಲ್‌ನ ಸಾವಿರಾರು ವಿಶೇಷ ಚಿಪ್‌ಗಳು ಒಟ್ಟಿಗೆ ದುಡಿದಿದ್ದವು. ಅದನ್ನು ಸಾಮಾನ್ಯರ ಕೈಗೆ ತಂದ ಶ್ರೇಯಸ್ಸು ಸ್ವಯಂಸೇವಕರದು. ಲೀಲಾ ಚೆಸ್ ಜೀರೊ ಯೋಜನೆಗೆ ಜಗತ್ತಿನ ಅನೇಕರು ತಮ್ಮ ಕಂಪ್ಯೂಟರುಗಳ ಸಮಯ ದಾನಮಾಡಿದರು. ಡೇವಿಡ್ ವು ಅವರ ಕಾಟಾಗೋ ಇಂದು ಗೋ ಕಲಿಯುವವರ ದಿನಬಳಕೆಯ ಸಾಧನ. ಜಪಾನಿನ ಶೋಗಿಗಾಗಿ ಯು ನಾಸು 2018ರಲ್ಲಿ ರೂಪಿಸಿದ, ಸಾಧಾರಣ ಪ್ರೊಸೆಸರ್‌ನಲ್ಲೂ ವೇಗವಾಗಿ ಓಡುವ ಪುಟ್ಟ ನರಜಾಲವನ್ನು ಸ್ಟಾಕ್‌ಫಿಶ್ 2020ರಲ್ಲಿ ಅಳವಡಿಸಿಕೊಂಡು ಮತ್ತೆ ಮುಂದಕ್ಕೆ ಜಿಗಿಯಿತು.

ಆಟಗಾರರ ನಡುವೆ

ಯಂತ್ರ ಗೆದ್ದ ಮೇಲೆ ಆಟಗಳು ಸಾಯಲಿಲ್ಲ. ಕ್ಯಾಸ್ಪರೋವ್ 1998ರಲ್ಲಿ ಸ್ಪೇನ್‌ನ ಲಿಯಾನ್‌ನಲ್ಲಿ, ಆಟಗಾರರು ಕಂಪ್ಯೂಟರನ್ನು ಪಕ್ಕದಲ್ಲಿಟ್ಟುಕೊಂಡೇ ಆಡುವ ಪಂದ್ಯಕ್ಕೆ ನಾಂದಿ ಹಾಡಿದರು. ಮರುವರ್ಷ ಅಲ್ಲಿ ವಿಶ್ವನಾಥನ್ ಆನಂದ್ ಅನಾತೊಲಿ ಕಾರ್ಪೋವ್ ಅವರನ್ನು ಸೋಲಿಸಿದರು. ಈಗ ಯಾವ ಗ್ರ್ಯಾಂಡ್‌ಮಾಸ್ಟರೂ ಎಂಜಿನ್, ಅಂದರೆ ಚದುರಂಗದ ಪ್ರೋಗ್ರಾಂ, ಇಲ್ಲದೆ ತಯಾರಿ ಮಾಡುವುದಿಲ್ಲ. ಅಂಚಿನ ಪದಾತಿಯನ್ನು ಎದುರಾಳಿ ರಾಜನ ಕೋಟೆಯತ್ತ ಮುನ್ನುಗ್ಗಿಸುವ ಆಲ್ಫಾಜೀರೊ ಶೈಲಿ ಅಗ್ರ ಆಟಗಾರರ ಆಟದಲ್ಲೂ ಕಾಣಿಸಿಕೊಂಡಿದೆ. ಗೋ ಆಟಗಾರರು ಎದುರಾಳಿಯ ಮೂಲೆಗೆ ಆರಂಭದಲ್ಲೇ ನುಗ್ಗುವುದನ್ನು ಯಂತ್ರದಿಂದ ಕಲಿತರು. ಇದಕ್ಕೆ ಇನ್ನೊಂದು ಮುಖವೂ ಇದೆ: ಮೊಬೈಲ್‌ನಲ್ಲಿ ಕದ್ದು ನೋಡಿ ಆಡುವ ಮೋಸ ಪಂದ್ಯಾವಳಿಗಳಿಗೆ ನಿತ್ಯದ ತಲೆನೋವಾಗಿದೆ. 2024ರಲ್ಲಿ ವಿಶ್ವ ಚಾಂಪಿಯನ್ ಆದ ಚೆನ್ನೈನ ಡಿ. ಗುಕೇಶ್ ಅವರನ್ನು ಅವರ ಗುರು ವಿಷ್ಣು ಪ್ರಸನ್ನ ಎಳವೆಯಲ್ಲಿ ಎಂಜಿನ್‌ಗಳಿಂದ ದೂರವಿಟ್ಟು, ಸ್ವಂತ ಲೆಕ್ಕಾಚಾರವನ್ನೇ ನೆಚ್ಚುವಂತೆ ಬೆಳೆಸಿದರು. ಎಂಜಿನ್ ಯಾವ ವಯಸ್ಸಿನಲ್ಲಿ, ಎಷ್ಟು ಎಂಬುದು ಈಗ ತರಬೇತುದಾರರ ಮುಂದಿರುವ ನಿಜವಾದ ಪ್ರಶ್ನೆ.

ಇನ್ನೂ ಮುಗಿಯದ್ದು

ಎದುರಾಳಿಯ ಕಾಯಿಗಳು ಕಾಣದ, ಮಾತುಕತೆಯೇ ಆಟದ ಭಾಗವಾಗಿರುವ ಆಟಗಳತ್ತ ಸಂಶೋಧನೆ ಹೊರಳಿದೆ. 2022ರಲ್ಲಿ ಡೀಪ್‌ಮೈಂಡ್‌ನ ಡೀಪ್‌ನ್ಯಾಶ್ ಸ್ಟ್ರಾಟೆಗೊ ಆಟದಲ್ಲಿ ಪರಿಣತ ಮಟ್ಟ ಮುಟ್ಟಿತು. ಅದೇ ವರ್ಷ ಮೆಟಾ ಕಂಪನಿಯ ಸಿಸೆರೊ, ಆಟಗಾರರು ಮಾತಾಡಿ ಮೈತ್ರಿ ಕಟ್ಟುವ ಡಿಪ್ಲೊಮಸಿಯಲ್ಲಿ ಆನ್‌ಲೈನ್ ಲೀಗ್‌ನ ಮೇಲಿನ ಶೇ 10ರೊಳಗೆ ಬಂತು. ನಿಯಮಗಳನ್ನೂ ಹೇಳದೆ ಆಟದ ಅನುಭವದಿಂದಲೇ ಅದರ ಮಾದರಿಯನ್ನು ಕಟ್ಟಿಕೊಳ್ಳುವ ಮ್ಯೂಜೀರೊ 2020ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾಯಿತು.

ಗೆದ್ದಾಯಿತೆಂದುಕೊಂಡ ಗೋ ಆಟದಲ್ಲೇ ಒಂದು ದೊಡ್ಡ ಬಿರುಕು ಸಿಕ್ಕಿದೆ. ಕಾಟಾಗೋವನ್ನು ಸೋಲಿಸುವುದನ್ನೇ ಗುರಿಯಾಗಿಟ್ಟು ಸಂಶೋಧಕರು ಇನ್ನೊಂದು ಪ್ರೋಗ್ರಾಂ ತರಬೇತುಗೊಳಿಸಿದರು. ಅದು ಕಂಡುಹಿಡಿದ ಉಪಾಯ ಸರಳ: ಯಂತ್ರ ತನ್ನ ಹರಳುಗಳನ್ನು ಬಳೆಯ ಆಕಾರದಲ್ಲಿ ಕಟ್ಟುವಂತೆ ಮಾಡುವುದು, ಬೇರೆಡೆ ಆಡುತ್ತ ಗಮನ ಸೆಳೆಯುವುದು, ನಿಧಾನವಾಗಿ ಆ ಬಳೆಯನ್ನು ಹೊರಗಿನಿಂದ ಸುತ್ತುವರಿಯುವುದು. ಬಳೆ ಸುರಕ್ಷಿತವಾಗಿದೆ ಎಂದೇ ಯಂತ್ರ ಕೊನೆಯವರೆಗೂ ತೂಗುತ್ತದೆ, ಒಂದೇ ಏಟಿಗೆ ಇಡೀ ಗುಂಪನ್ನು ಕಳೆದುಕೊಳ್ಳುತ್ತದೆ. ಸ್ವಲ್ಪ ಅನುಭವವಿರುವ ಮನುಷ್ಯನ ಕಣ್ಣಿಗೆ ಇದು ತಪ್ಪದೆ ಬೀಳುತ್ತಿತ್ತು. ಅಮೆರಿಕದ ಹವ್ಯಾಸಿ ಆಟಗಾರರೊಬ್ಬರು ಈ ಉಪಾಯವನ್ನು ಕಲಿತು, ಆಡುವಾಗ ಯಾವ ಕಂಪ್ಯೂಟರಿನ ನೆರವೂ ಇಲ್ಲದೆ, 15ರಲ್ಲಿ 14 ಆಟ ಗೆದ್ದದ್ದು 2023ರಲ್ಲಿ ವರದಿಯಾಯಿತು. ಈ ದಾಳಿಯ ಮಾದರಿಗಳನ್ನು ಸೇರಿಸಿ ಕಾಟಾಗೋಗೆ ಮತ್ತೆ ತರಬೇತಿ ಕೊಡಲಾಯಿತು, ಬೇರೆ ಬಗೆಯ ನರಜಾಲಗಳನ್ನೂ ಪ್ರಯತ್ನಿಸಲಾಯಿತು. ಅವುಗಳನ್ನೂ ಹೊಸ ದಾಳಿಗಳಿಂದ ಸೋಲಿಸಬಹುದೆಂದು 2024ರ ಅಧ್ಯಯನ ತೋರಿಸಿತು.